ಉದ್ದ ಚೂಡಿ

ಹಳೇ ಲಾರಿ ಚಂದ ಕಾಣಲಿ ಅಂತ ಬ್ಯಾರೆ ಕಂಪನಿಯ ದಪ್ಪ ಗಾಲಿ ತಂದು ಹಾಕಿಸಿದ್ದೆ. ಹಳೇ ಬೋಲ್ಟು ಗಿಡ್ಡಾದವು, ನಟ್ಟು ತುದಿಗೇ ನಿಂತುಬಿಟ್ಟವು. ಹಂಗೇ ಓಡಿಸಿದ್ರ ಗಾಲಿ ನನಗಿಂತ ಮೊದಲ ಸುರಪುರ ಮುಟ್ಟತಿತ್ತು.

ಶಹಾಪುರದಾಗ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದ್ರ ಗಲ್ಲೇದ ಮ್ಯಾಲ ನಡುವಯಸ್ಸಿನ ಹೆಣ್ಮಗಳೊಬ್ಬಾಕಿ ಕುಂತಿದ್ಲು.

“ಗಂಡಸರು ಯಾರೂ ಇಲ್ಲೇನ್ರಿ?” ಅಂದೆ.

“ಯಾಕ್ರಿ, ಏನ್ ಬೇಕಾಗಿತ್ತು?”

“ಉದ್ದ ಚೂಡಿ ಇರೋ ಗಾಲಿ ಬೋಲ್ಟ್. ಬಿಡ್ರಿ, ಅದೆಲ್ಲ ಹೆಣ್ಮಕ್ಕಳಿಗೆ ತಿಳ್ಯಾಂಗಿಲ್ಲ.”

ನಮ್ಮ ಕಡಿ ಬೋಲ್ಟಿನ ಥ್ರೆಡ್ಡಿಗೂ ಚೂಡಿ ಅಂತಾರ, ಕೈಯಾಗಿನ ಬಳಿಗೂ ಚೂಡಿ ಅಂತಾರ. ಆಕಿ ಹಸಿರು ಬಳಿ ತುಂಬಿದ ಕೈ ಎತ್ತಿ ಘಲ್ ಅನಿಸಿದ್ಲು.

“ಚೂಡಿ ಹೆಣ್ಮಕ್ಕಳಿಗೆ ತಿಳಿಲಿಲ್ಲಂದ್ರ ಮತ್ಯಾರಿಗೆ ತಿಳಿಬೇಕ್ರಿ ಅಣ್ಣಾ?”

ಅಂಗಡ್ಯಾಗ ನಿಂತ ಡ್ರೈವರುಗಳೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಕಿವಿ ಸುಡಾಕತ್ತಿದ್ದವು. ಆಕಿ ಕೊಟ್ಟ ಬೋಲ್ಟ್ ತಗೊಂಡು, ತಲಿ ಎತ್ತದಂಗ ಹೊರಗ ಬಂದೆ.

ಮನಿಗೆ ಬಂದ್ರ ಹೆಂಡತಿ, “ಶಹಾಪುರದಿಂದ ಏನ್ ತಂದ್ರಿ?” ಅಂತ ಕೇಳಿದ್ಲು. ದಾರಿಯುದ್ದಕ್ಕೂ ಅದೇ ಮಾತು ತಲಿ ಕೊರಿಯಾಕತ್ತಿತ್ತು. ಬಾಯಿ ತಪ್ಪಿ “ಚೂಡಿ” ಅಂದುಬಿಟ್ಟೆ.

ಆಕಿ ಖುಷಿಲೆ ಎರಡೂ ಕೈ ಮುಂದ ಚಾಚಿದ್ಲು.