ಟಪಾಲಿನಲ್ಲಿ ಬಂದ ವಿದ್ಯೆ

ಹಿರೇಕೆರೂರಿನಲ್ಲಿ ನಾನು ಟಪಾಲು ಹಂಚುತ್ತಿದ್ದ ಕಾಲಕ್ಕೆ, ಅರಳೆ ಅಂಗಡಿಯ ಹಿಂದಿನ ಮನೆಗೆ ತಿಂಗಳಿಗೊಮ್ಮೆ ಮುಂಬಯಿಯಿಂದ ದಪ್ಪ ಲಕೋಟೆ ಬರುತ್ತಿತ್ತು. ಒಳಗೆ ಇಂಗ್ಲಿಷ್ ಪಾಠಗಳು. ಓದುತ್ತಿದ್ದವಳು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಮಗಳು. ಮಾಸ್ತರನಾಗಿದ್ದ ಆ ಗಂಡನೇ ಅವಳಿಗೆ ಅಕ್ಷರ ಕಲಿಸಿದ್ದ. ಲಕೋಟೆ ಮುಟ್ಟುವ ಮೊದಲು ಅವಳು ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

"ಸಾಲಿಗೆ ಹೋಗೂದು ನನಗೆಲ್ಲಿ ಆಗತೈತ್ರಿ? ಇದು ಕಡಿಮಿ ರೊಕ್ಕದ ವಿದ್ಯಾ. ರೊಟ್ಟಿ ಬಡದು ಉಳದ ಹೊತ್ತಿನ್ಯಾಗ ಓದತೇನಿ. ಅವಸರಿಲ್ರಿ ಅಣ್ಣಾರ," ಎನ್ನುತ್ತಿದ್ದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಬೇಕೆಂಬ ಆಸೆ ಅವಳಿಗೆ.

ಈ ಪಾಠಗಳಿಗೆ ಅರ್ಜಿ ತುಂಬಿಕೊಟ್ಟವನು ನಾನು. ಗಂಡ ಸತ್ತವಳ ಹೆಸರಿಗೆ ಟಪಾಲು ಬಂದರೆ ಊರು ಆಡಿಕೊಂಡೀತೆಂದು ಅವಳ ತಮ್ಮನ ಹೆಸರು ಬರೆದಿದ್ದೆ. ಅವಳು ಬೇಡವೆನ್ನಲಿಲ್ಲ.

ನಾಲ್ಕು ವರ್ಷದ ಮೇಲೆ ಸರ್ಟಿಫಿಕೇಟು ರಿಜಿಸ್ಟರ್ ಟಪಾಲಿನಲ್ಲಿ ಬಂತು. ಹೆಸರಿದ್ದವನೇ ಸಹಿ ಹಾಕಿ ತೆಗೆದುಕೊಳ್ಳಬೇಕು. ತಮ್ಮನಿಗೆ ಓದುಬರಹ ಬಾರದು. ಅವಳೇ ಅವನ ಹೆಬ್ಬೆಟ್ಟಿಗೆ ಮಸಿ ಹಚ್ಚಿ, ಕೈ ಹಿಡಿದು ನನ್ನ ಕಾಗದದ ಮೇಲೆ ಒತ್ತಿಸಿದಳು. ಆಮೇಲೆ ಲಕೋಟೆ ಬಿಚ್ಚಿ, ಸರ್ಟಿಫಿಕೇಟಿನ ಮೇಲೆ ಇಂಗ್ಲಿಷಿನಲ್ಲಿದ್ದ ಅವನ ಹೆಸರನ್ನು ಅವನಿಗೇ ಓದಿ ಹೇಳಿದಳು. ಅವನು ಹಿಗ್ಗಿನಿಂದ ನಕ್ಕ.

ನನಗೆ ತಲೆ ಎತ್ತಲಾಗಲಿಲ್ಲ. "ತಂಗೆವ್ವಾ, ನಿನ್ನ ಹೆಸರಿಗೆ ಇನ್ನೊಂದು ಅರ್ಜಿ ಹಾಕೂಣೇನು?" ಎಂದೆ.

ಅವಳು ಮಸಿಯಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ಅವಸರಿಲ್ರಿ ಅಣ್ಣಾರ," ಎಂದಳು.