ಸಾಲಿನಲ್ಲಿದ್ದ ನೀಲಿ ಕೊಡ

ರಾಜಗೋಪಾಲನಗರದ ಆ ವಠಾರದಲ್ಲಿ ತಲೆಗೊಂದು ಕೊಡ ನೀರು. ಬೆಳಿಗ್ಗೆ ಮನೆಯೊಡತಿ ಅಂಜಿನಮ್ಮ ಬೋರ್‌ವೆಲ್ಲಿನ ಪೈಪು ಹಿಡಿದು ನಿಂತರೆ, ಅಂಗಳದ ಸಾಲು ನೋಡಿಯೇ ಯಾವ ಕೋಣೆಯಲ್ಲಿ ಎಷ್ಟು ಜನ ಎಂದು ಹೇಳಬಹುದಿತ್ತು. ರೇವಣಸಿದ್ದನದು ಒಂದೇ ಕೊಡ. ಸೋಮವಾರ ಮಾತ್ರ ಎರಡು. ಎರಡನೆಯದು, ನೀಲಿಯದು, ಭಾನುವಾರ ದಾಸರಹಳ್ಳಿಯಿಂದ ಬಂದು ರಾತ್ರಿ ಉಳಿಯುವ ಗುರುರಾಜನದು. ‘ಚಿಕ್ಕಪ್ಪನ ಮಗ’ ಎಂದು ರೇವಣಸಿದ್ದ ಹೇಳಿದ್ದ, ಅಂಜಿನಮ್ಮ ಹೂಂಗುಟ್ಟಿದ್ದಳು. ಪೀಣ್ಯದ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ನಿಂತೇ ನಲವತ್ತು ಮುಟ್ಟುತ್ತಿದ್ದ ರೇವಣಸಿದ್ದ ಜೀವಮಾನದಲ್ಲಿ ಪ್ರೀತಿಸಿದ್ದು ಗುರುರಾಜನೊಬ್ಬನನ್ನೇ. ಅದನ್ನು ಯಾರೆದುರೂ ಬಾಯಿಬಿಟ್ಟವನಲ್ಲ.

ಪಕ್ಕದ ಕೋಣೆಯ ಹನುಮವ್ವ ಗಾರೆ ಕೆಲಸದಿಂದ ಬರುವುದು ತಡವಾದಾಗೆಲ್ಲ ಅವಳ ಮಗ ಭರಮ ಇವನ ಬಳಿ ಇರುತ್ತಿದ್ದ. ಕಾಮಾಲೆ ಅವಳನ್ನು ವಾರದೊಳಗೆ ಕೊಂಡೊಯ್ಯಿತು. ಹುಡುಗನ ಕಡೆಯವರೆಂದು ಯಾರೂ ಬರಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯವರು ಆರು ವರ್ಷದ ಭರಮನನ್ನು ಬಾಲಮಂದಿರಕ್ಕೆ ಕರೆದೊಯ್ಯಲು ಬಂದಾಗ ಅವನು ರೇವಣಸಿದ್ದನ ಅಂಗಿಯ ತುದಿ ಬಿಡಲಿಲ್ಲ.

“ನಾನ ಸಾಕ್ತೀನ್ರೀ,” ಅಂದುಬಿಟ್ಟ ರೇವಣಸಿದ್ದ. ಅಂದಮೇಲೆ ಗುರುರಾಜನ ನೆನಪಾಯಿತು. ಹುಡುಗನನ್ನು ಸದ್ಯಕ್ಕೆ ಅವನಲ್ಲೇ ಬಿಟ್ಟರು; ಮನೆ ನೋಡಲು, ನೆರೆಹೊರೆಯವರನ್ನು ವಿಚಾರಿಸಲು ಸೋಮವಾರ ಸಮಿತಿಯ ಶ್ಯಾಮಲಾ ಮೇಡಂ ಬರುವವರಿದ್ದರು.

ಆ ಭಾನುವಾರ ಬರಬೇಡ ಎಂದು ಗುರುರಾಜನಿಗೆ ಫೋನು ಮಾಡಿದ.

“ಈ ವಾರ ಬೇಡ್ವಾ, ಇನ್ಮೇಲೆ ಬೇಡ್ವಾ?” ಗುರುರಾಜ ಕೇಳಿದ. ರೇವಣಸಿದ್ದ ಫೋನು ಕಟ್ ಮಾಡಿದ.

ಗುರುರಾಜನ ಬ್ರಷ್ಷು, ಲುಂಗಿ, ಹೆಲ್ಮೆಟ್ಟು ಎಲ್ಲವನ್ನೂ ಚೀಲಕ್ಕೆ ತುರುಕಿ ಅಟ್ಟಕ್ಕೆ ಹಾಕಿದ. ಮಲಗುವ ಮುಂಚೆ ಎಂದಿನಂತೆ ಕೊಡಗಳನ್ನು ಸಾಲಿಗಿಟ್ಟು ಬಂದ.

ಬೆಳಿಗ್ಗೆ ಶ್ಯಾಮಲಾ ಅಂಗಳದಲ್ಲಿ ಅಂಜಿನಮ್ಮನೊಂದಿಗೆ ಮಾತಿಗೆ ನಿಂತಾಗ ಅವನ ಕಣ್ಣಿಗೆ ಬಿತ್ತು: ತನ್ನ ಕೊಡ, ಭರಮನ ಪುಟ್ಟ ಬಿಂದಿಗೆ, ಪಕ್ಕದಲ್ಲಿ ನೀಲಿ ಕೊಡ. ಭಾನುವಾರ ರಾತ್ರಿಯ ರೂಢಿಗೆ ಕೈ ತಾನಾಗಿ ಅದನ್ನೂ ಇಟ್ಟುಬಿಟ್ಟಿತ್ತು.

“ತಲೆಗೊಂದು ಅಂದ್ರಿ. ಇವರದು ಮೂರಿದೆಯಲ್ಲ?” ಶ್ಯಾಮಲಾ ಕೇಳಿದರು.

“ಅದು ಅವ್ನ ಚಿಕ್ಕಪ್ಪನ ಮಗಂದು ಕಣಮ್ಮ,” ಅಂದಳು ಅಂಜಿನಮ್ಮ. “ಭಾನ್ವಾರ ಬತ್ತಾನೆ. ಮಗೀಗೆ ಎಣ್ಣೆ ಅಚ್ಚಿ ನೀರು ಆಕೋನೂ ಅವ್ನೇಯ.”

“ಸಂಬಂಧಿಕರಾ? ಹಾಗಾದ್ರೆ ಅವರ ಆಧಾರ್ ಕಾರ್ಡ್ ಕೊಡಿ. ಅವರನ್ನೂ ವಿಚಾರಿಸ್ಬೇಕು.”

ರೇವಣಸಿದ್ದನ ಊರು ಸುರಪುರದ ಕಡೆ, ಗುರುರಾಜನದು ಕೋಲಾರ. ಸುಳ್ಳು ಹೇಳಿದರೆ ನಾಳೆಯೇ ಸಿಕ್ಕಿಬೀಳುತ್ತದೆ, ಹುಡುಗ ಕೈತಪ್ಪುತ್ತಾನೆ. ನಿಜ ಹೇಳಿದರೆ ಈಗಲೇ. ಭರಮ ಹೊಸ್ತಿಲಲ್ಲಿ ಕೂತು ಎಡದ ಚಪ್ಪಲಿಯನ್ನು ಬಲಗಾಲಿಗೆ ತೂರಿಸುತ್ತಿದ್ದ.

“ಸಂಬಂಧಿಕ ಅಲ್ರೀ ಮೇಡಂ. ಗೆಳೆಯ. ಎಂಟು ವರ್ಷದಿಂದ ಅದಾನ.”

ಶ್ಯಾಮಲಾ ಅವನ ಮುಖವನ್ನೇ ನೋಡಿದರು. ಎಷ್ಟು ತಿಳಿಯಿತೋ, ಅವರ ಮುಖದಲ್ಲಿ ಏನೂ ಕಾಣಲಿಲ್ಲ. “ಸದ್ಯ ಹುಡುಗ ನಿಮ್ಮಲ್ಲೇ ಇರ್ಲಿ. ಮುಂದಿನ ಸೋಮವಾರ ಬರ್ತೀನಿ. ಅವರೂ ಇರ್ಬೇಕು,” ಎಂದು ಹೊರಟರು.

ಅಂಜಿನಮ್ಮ ಪೈಪು ಎತ್ತಿಕೊಂಡಳು. ಅವನ ಕೊಡ ತುಂಬಿತು, ಬಿಂದಿಗೆ ತುಂಬಿತು. ನೀಲಿ ಕೊಡದ ಬಳಿ ಅವಳ ಕೈ ನಿಂತು, ನೀರು ನೆಲದ ಮೇಲೆ ಹರಿಯತೊಡಗಿತು.

“ಎಂಟು ವರ್ಸ ಸುಳ್ಳು ಯೋಳ್ದೆ ನಂಗೆ.”

“ಹೂಂ ಅಮ್ಮ.”

“ನಂಗೇನು ಕಣ್ಣು ಕಾಣಾಕಿಲ್ವಾ?” ಪೈಪನ್ನು ನೀಲಿ ಕೊಡದೊಳಕ್ಕೆ ಇಳಿಬಿಟ್ಟಳು. “ಸೋಮ್ವಾರ ತಪ್ಪಿಸ್ದೆ ಇರು ಅಂತ ಯೋಳು ಅವ್ನಿಗೆ.”

ಅವನು ತುಳುಕುವ ನೀಲಿ ಕೊಡವನ್ನೇ ಮೊದಲು ಎತ್ತಿ ಅವಸರದಲ್ಲಿ ನಡೆದ. ಕೋಣೆ ಮುಟ್ಟುವಷ್ಟರಲ್ಲಿ ಕಾಲುಭಾಗ ನೀರು ಭರಮನ ಚಪ್ಪಲಿಗಳ ಮೇಲೆ ಚೆಲ್ಲಿತ್ತು.