ಸ್ಪಂಜಿನ ಇಂಜೆಕ್ಷನ್ನು

ನನ್ನ ಮೊಮ್ಮಗ ಬದುಕಿದ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಕಡೆಯವರೆಗೆ ತಡೆದಿಟ್ಟುಕೊಳ್ಳುವುದು ನನ್ನಿಂದಾಗದು. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಅಕ್ಷರ ಸೊಟ್ಟಗಿರಬಹುದು, ಸಂತೋಷಕ್ಕೇನೂ ಕೊರತೆಯಿಲ್ಲ. ಆದರೆ ಅದರ ಜೊತೆಗೇ ಉಳಿದ ಕಹಿಯನ್ನು ಬರೆಯದಿದ್ದರೆ ಅರ್ಧ ಮಾತ್ರ ಹೇಳಿದಂತಾದೀತು.

ಎಂಬತ್ತರ ದಶಕದ ಮಾತು. ಮಗಳನ್ನು ಬೀಡಿ ಎಂಬ ಊರಿಗೆ ಕೊಟ್ಟಿದ್ದೆವು. ಅವಳ ಮಗ ಆಗಷ್ಟೇ ಸಾಲೆಗೆ ಹೋಗತೊಡಗಿದ್ದ. ಜ್ವರ ಬಿಡಲೊಲ್ಲದು, ಒಸಡಿನಲ್ಲಿ ರಕ್ತ, ಕಾಲ ಮೇಲೆ ನೀಲಿ ಕಲೆ. ಬೆಳಗಾವಿಯ ದವಾಖಾನೆಗೆ ಒಯ್ದಾಗ ರಕ್ತದ ಕ್ಯಾನ್ಸರ್ ಎಂದರು. ಡಾಕ್ಟರು ಒಳ್ಳೆಯವರು. ಕೊಡಬೇಕಾದ ಔಷಧದ ಬಗ್ಗೆ ಹೇಳುತ್ತಾ, "ಇದರ ಮೂಲ ಸಮುದ್ರದಾಗಿನ ಸ್ಪಂಜು ನೋಡ್ರಿ ಅವ್ವಾರ," ಎಂದರು.

ನನಗೆ ಸ್ಪಂಜೆಂದರೆ ಹುಡುಗರು ಪಾಟಿ ಒರೆಸುವ ವಸ್ತು. "ಅದನ್ನ ಹಿಂಡಿ ಔಷಧ ತಗೀತಾರೇನ್ರಿ?" ಎಂದೆ.

ಡಾಕ್ಟರು ನಕ್ಕರು. "ಹಂಗಲ್ರಿ. ಸ್ಪಂಜಂದ್ರ ಅದೊಂದು ಜೀವ. ಸಮುದ್ರದ ತಳದಾಗ ಕಲ್ಲಿಗಿ ಅಂಟ್ಕೊಂಡು ಕುಂತಿರ್ತೈತಿ. ಅದರಾಗ ಸಿಕ್ಕಿದ್ದನ್ನ ನೋಡಿ, ಈಗ ಕಾರ್ಖಾನ್ಯಾಗ ಮಾಡ್ತಾರ."

'ಜೀವ' ಎಂಬ ಮಾತೇ ಮುಳುವಾಯಿತು. ಬಾಜುವಿನಲ್ಲಿ ಬೀಗರು, ಅಂದರೆ ಹುಡುಗನ ತಂದೆಯ ತಂದೆ, ನಿಂತಿದ್ದರು. ತತ್ತಿ ತಿನ್ನುವವರ ಮನೆಯ ನೀರೂ ಮುಟ್ಟದ ಮನುಷ್ಯ. ಕಾರ್ಖಾನೆಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

"ಲಿಂಗ ಇರೂ ಮೈಯಾಗ ಪ್ರಾಣೀದು ಹಾಕಸೂದಿಲ್ಲ," ಎಂದರು ಹೊರಗೆ ಬಂದು.

"ಬೀಗರ, ಕಾರ್ಖಾನ್ಯಾಗ ಮಾಡಿದ್ದಂತ."

"ಮೂಲ ಯಾವುದಂದ್ರು? ಮೀನಿನ ತಂಗಿ."

"ತಂಗಿ ಆಗಲಿ, ಅಕ್ಕ ಆಗಲಿ, ಕೂಸು ಉಳೀಬೇಕಲ್ರಿ?"

"ಹಾಕಸೂದಾದ್ರ ಲಿಂಗ ಬಿಚ್ಚಿ ಹಾಕಸ್ರಿ."

ನಮ್ಮಲ್ಲಿ ಸತ್ತವರನ್ನೂ ಲಿಂಗದ ಸಮೇತವೇ ಮಣ್ಣಿಗಿಡುತ್ತಾರೆ. ಬದುಕಿರುವ ಕೂಸಿನ ಲಿಂಗ ಬಿಚ್ಚು ಎಂದರೆ, ಇವನು ಇನ್ನು ನಮ್ಮವನಲ್ಲ ಎಂದೇ ಅರ್ಥ. ಅಳಿಯ ತನ್ನ ಕಾಲ್ಬೆರಳು ನೋಡುತ್ತಾ ನಿಂತಿದ್ದ.

ಮಗಳು ಯಾರನ್ನೂ ಕೇಳಲಿಲ್ಲ. ಒಳಗೆ ಹೋಗಿ, ನಿದ್ದೆಯಲ್ಲಿದ್ದ ಹುಡುಗನ ಕೊರಳಿನ ಶಿವದಾರ ಬಿಚ್ಚಿ ತಂದು ಮಾವನ ಅಂಗೈಯಲ್ಲಿಟ್ಟಳು. "ಮಾವಾರ, ಇದು ನಿಮ್ಮದು, ಒಯ್ರಿ. ಕೂಸು ನಂದು."

ಬೀಗರು, ಅಳಿಯ ಇಬ್ಬರೂ ಬಸ್ಸು ಹತ್ತಿದವರು ಮತ್ತೆ ದವಾಖಾನೆಯ ಕಡೆ ಹಾಯಲಿಲ್ಲ.

ಎಚ್ಚರವಾದ ಮೇಲೆ ಹುಡುಗ ಎದೆ ತಡವಿಕೊಂಡ. "ಆಯಿ, ನಂದೆಲ್ಲೈತಿ?"

"ತೊಳ್ಯಾಕ ಒಯ್ದಾರಪ್ಪ," ಎಂದೆ. ಬೇರೇನು ಹೇಳಲಿ?

ಔಷಧ ಶುರುವಾಯಿತು. ಕೂದಲು ಉದುರಿತು, ಬಾಯಿ ಹುಣ್ಣಾಗಿ ನೀರೂ ಉರಿಯಿತು. ನಾನು ಬೆಳಗಾವಿಯಲ್ಲೇ, ಖಾಸಬಾಗದ ನೆಂಟರ ಮನೆಯಲ್ಲಿದ್ದು ಗಂಜಿ ಒಯ್ಯುತ್ತಿದ್ದೆ. ಲಿಂಗ ಬಿಚ್ಚಿದ ಸುದ್ದಿ ಅಲ್ಲಿಗೂ ಮುಟ್ಟಿತು. ಯಾರೂ ಹೊರಗೆ ಹೋಗೆನ್ನಲಿಲ್ಲ. ನನ್ನ ತಾಟು ಮಾತ್ರ ಅಡಿಗೆಮನೆಯಿಂದ ಪಡಸಾಲೆಗೆ ಬಂತು. ಆ ತಾಟಿನಲ್ಲಿ ಉಂಡ ಅನ್ನ ಇನ್ನೂ ಅರಗಿಲ್ಲ.

ಕೂಸು ಉಳಿಯಿತು. ಎಷ್ಟೋ ಸಲ ಹೋಗಿ ಬಂದ ಮೇಲೆ ಡಾಕ್ಟರು, ರಕ್ತ ಚೊಕ್ಕವಾಗಿದೆ ಎಂದರು. ಕೂದಲು ಮತ್ತೆ ಬಂತು, ಅದೂ ಗುಂಗುರಾಗಿ. ಮಗಳನ್ನೂ ಕೂಸನ್ನೂ ನಮ್ಮೂರು ಖಾನಾಪುರಕ್ಕೆ ಕರೆತಂದು, ಓಣಿಯಲ್ಲೆಲ್ಲ ಆ ತಲೆಯನ್ನು ತೋರಿಸಿಕೊಂಡು ತಿರುಗಿದೆ. ನೋಡಿದವರನ್ನೇ ಮತ್ತೆ ಕರೆದು ತೋರಿಸಿದೆ.

ಆಗ ಬಂದರು ಬೀಗರು, ಮಗನನ್ನು ಕರೆದುಕೊಂಡು. "ಹುಡುಗ ಆರಾಮಾದ್ನಂತ. ಮಠದ ಅಯ್ಯನವರಿಗೆ ಹೇಳೀನಿ. ಶುದ್ಧ ಮಾಡಿಸಿ, ಲಿಂಗ ಕಟ್ಟಿಸಿ ಮನಿಗಿ ಕರ್ಕೊಂಡ ಹೋಕ್ಕೀವಿ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಗಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಲಿಂಗ ಕಟ್ಟಿಸ್ರಿ, ನನಗೂ ಅದ ಬೇಕು. ಶುದ್ಧ ಅನ್ನೂದು ಬಿಡ್ರಿ. ನನ್ನ ಕೂಸು ಹೊಲಸಾಗಿದ್ದಿಲ್ಲ."

"ಹಂಗಂದ್ರ ಹೆಂಗವಾ? ಶಾಸ್ತ್ರ ಐತಿ."

"ಅದೊಂದು ಮಾತು ಬಿಡ್ರಿ ಸಾಕು, ಈಗಿಂದೀಗ ಬರ್ತೀನಿ."

ಬೀಗರಿಗೆ ಆ ಒಂದು ಮಾತು ಬಿಡಲಾಗಲಿಲ್ಲ. ಎದ್ದರು. ಅಳಿಯನೂ ಎದ್ದ.

ಅವರು ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಒಳಗಿನಿಂದ ಹುಡುಗ ಕೂಗಿದ, "ಯವ್ವಾ, ಇನ್ನೊಂದು ರೊಟ್ಟಿ ಹಾಕ." ಎಂಥ ಹಸಿವಿನ ದನಿ ಅದು, ನನ್ನ ಕಣ್ಣು ತುಂಬಿ ಬಂತು. ಅಳಿಯನಿಗೂ ಕೇಳಿಸಿರಬೇಕು, ಒಂದು ಗಳಿಗೆ ನಿಂತ. ಆಮೇಲೆ ತನ್ನಪ್ಪನ ಹಿಂದೆ ನಡೆದ.